ಲಂಡನ್ನಿನಲ್ಲಿ ಒಬ್ಬರೇ ಓಡಾಡುವುದು ಹೇಗೆ: ಮಕ್ಕಳ ಮನೆಗೆ ಹೊರಟ ಮೈಸೂರು, ಮಂಡ್ಯದವರಿಗೆ ಸಮಗ್ರ ಮಾರ್ಗದರ್ಶಿ

ಸರಸ್ವತಿಪುರಂನ ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಮಕ್ಕಳು ಲಂಡನ್ನಿನಲ್ಲಿದ್ದಾರೆ. ಅಪ್ಪ ಅಮ್ಮ ಹೋಗುತ್ತಾರೆ, ಮೂರು ತಿಂಗಳು ಇರುತ್ತಾರೆ, ವಾಪಸ್ ಬರುತ್ತಾರೆ. ಏನೇನು ನೋಡಿದಿರಿ ಅಂತ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: "ಶನಿವಾರ ಭಾನುವಾರ ಮಗ ಕರ್ಕೊಂಡು ಹೋದ. ಉಳಿದ ದಿನ ಮನೇಲೇ ಇದ್ವಿ." ಒಬ್ಬರೇ ಹೋಗಲು ನೋಡಿದವರೂ ಇದ್ದಾರೆ. ಮೊದಲ ದಿನವೇ ದಾರಿ ತಪ್ಪಿ, ದುಡ್ಡು ಕಳೆದುಕೊಂಡು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಾನು ಎರಡು ಸಲ ಮಗಳ ಮನೆಗೆ ಹೋಗಿ ಬಂದೆ. ಮಂಡ್ಯದ ನಮ್ಮಕ್ಕ ಹೊರಟಾಗ ಅವಳಿಗೆ ಹೇಳಿಕೊಟ್ಟೆ. ತಪ್ಪುಗಳು ಎಲ್ಲರದೂ ಒಂದೇ ಥರ, ಅವು ಆಗುವುದು ಬಹುಪಾಲು ಕ್ರಮ ತಪ್ಪುವುದರಿಂದ. ಇಲ್ಲಿ ಮೈಸೂರಲ್ಲೇ ಮಾಡಬೇಕಾದ ಕೆಲಸವನ್ನು ಅಲ್ಲಿನ ಗೇಟಿನ ಮುಂದೆ ನಿಂತು ಮಾಡಲು ಹೋಗುತ್ತೇವೆ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ಕಾರ್ಡು. ವಿಮಾನ ಹತ್ತುವ ಒಂದು ತಿಂಗಳ ಮೊದಲು

ಲಂಡನ್ ಬಸ್ಸಿನಲ್ಲಿ ನಗದು ತಗೊಳ್ಳುವುದೇ ಇಲ್ಲ. 2014ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಕಂಡಕ್ಟರ್ ಕೂಡ ಇಲ್ಲ. ರೈಲಿಗೂ ಬಸ್ಸಿಗೂ ಕಾರ್ಡನ್ನು ಹಳದಿ ಬಣ್ಣದ ದುಂಡನೆಯ ಯಂತ್ರಕ್ಕೆ ಮುಟ್ಟಿಸಬೇಕು, ಅಷ್ಟೇ.

ಇದಕ್ಕೆ ಎರಡು ದಾರಿ. ಒಂದು, ಮುಟ್ಟಿಸಿದರೆ ಸಾಕಾಗುವಂಥ ಬ್ಯಾಂಕ್ ಕಾರ್ಡು. ಅದರ ಮೇಲೆ ವೈಫೈ ಗುರುತನ್ನು ಪಕ್ಕಕ್ಕೆ ಮಲಗಿಸಿದ ಹಾಗೆ ನಾಲ್ಕು ಗೆರೆ ಇರುತ್ತವೆ. ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆಕ್ಸ್ ಆಗಿರಬೇಕು. ಬರೀ ರುಪೇ ಕಾರ್ಡು ನಂಬಿಕೊಂಡು ಹೋಗಬೇಡಿ. ಎರಡನೆಯದು ಆಯ್‌ಸ್ಟರ್ ಕಾರ್ಡು. ಅಲ್ಲಿನ ಸ್ಟೇಷನ್ ಯಂತ್ರದಲ್ಲಿ ಕೊಂಡು, ದುಡ್ಡು ತುಂಬಿಸಿಕೊಂಡು ಬಳಸುವುದು. ಅದನ್ನು ಕೊಳ್ಳಲು ಬೇರೆ ದುಡ್ಡು ಕೊಡಬೇಕು, ಅದು ವಾಪಸ್ ಬರುವುದಿಲ್ಲ. ಪ್ರಯಾಣದ ದರ ಮಾತ್ರ ದೊಡ್ಡವರಿಗೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿನಿಂದಲೇ ಬಂದ್ ಆಗಿರುತ್ತದೆ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮವೇ ಹಾಗಿದೆ. ಬ್ಯಾಂಕಿನ ಆ್ಯಪ್ ತೆರೆದು ಎರಡು ಕಡೆ ಆನ್ ಮಾಡಬೇಕು: ಅಂತರರಾಷ್ಟ್ರೀಯ ಬಳಕೆ, ಮತ್ತು ಮುಟ್ಟಿಸಿ ಪಾವತಿ ಮಾಡುವುದು. ಒಂದನ್ನು ಮಾತ್ರ ಆನ್ ಮಾಡಿ ಬಂದವರು ತುಂಬಾ ಜನ. ಆ್ಯಪ್ ಗೊತ್ತಾಗದಿದ್ದರೆ ಇಲ್ಲಿನ ಶಾಖೆಗೆ ಹೋಗಿ, ಎದುರಿಗೇ ಕೂತು ಮಾಡಿಸಿಕೊಳ್ಳಿ. ಪ್ರತಿ ಸಲ ಮುಟ್ಟಿಸಿದಾಗ ಬ್ಯಾಂಕು ವಿದೇಶಿ ಶುಲ್ಕ ಎಷ್ಟು ಹಿಡಿಯುತ್ತದೆ ಅಂತಲೂ ಆಗಲೇ ಕೇಳಿ. ಪೌಂಡು ತುಂಬಿದ ಫಾರೆಕ್ಸ್ ಕಾರ್ಡು ಇದ್ದರೆ ಆ ತಲೆನೋವು ಕಮ್ಮಿ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮಕ್ಕನೂ ಇದನ್ನೇ ಕೇಳಿದಳು: "ಇಬ್ರಿಗೂ ಒಂದೇ ಕಾರ್ಡು ಸಾಕಲ್ವೇನೇ? ನಿಮ್ಮ ಭಾವನ ಹೆಸರಲ್ಲಿ ಇದ್ಯಲ್ಲ." ಸಾಲದು. ಒಬ್ಬರಿಗೆ ಒಂದು ಕಾರ್ಡು. ಗಂಡ ಹೆಂಡತಿ ಒಂದೇ ಕಾರ್ಡು ಮುಟ್ಟಿಸಿ ಒಬ್ಬರ ಹಿಂದೆ ಒಬ್ಬರು ರೈಲಿನ ಗೇಟು ದಾಟಲು ಆಗುವುದಿಲ್ಲ. ಒಬ್ಬರ ಹತ್ತಿರ ಬ್ಯಾಂಕ್ ಕಾರ್ಡು ಇಲ್ಲದಿದ್ದರೆ ಅವರಿಗೆ ಆಯ್‌ಸ್ಟರ್ ಕೊಳ್ಳಿ.

ಹಿರಿಯ ನಾಗರಿಕರ ರಿಯಾಯಿತಿ ನಮಗೆ ಸಿಗುವುದಿಲ್ಲ. ಅಲ್ಲಿ 60 ದಾಟಿದವರಿಗೆ ಪಾಸು ಇದೆ, ಆದರೆ ಲಂಡನ್ನಿನಲ್ಲೇ ವಾಸ ಇರುವವರಿಗೆ. ಇಲ್ಲಿ ಆಧಾರ್ ತೋರಿಸಿ ಬಸ್ಸು ಹತ್ತಿ ಅಭ್ಯಾಸ ಆಗಿರುವ ಹೆಂಗಸರು ಇದನ್ನು ನೆನಪಿಡಿ.

## ಹಂತ 2: ಬೆಂಗಳೂರು ಮೆಟ್ರೋದಲ್ಲಿ ಒಂದು ದಿನ ಅಭ್ಯಾಸ

ನಾನು ಹೇಳುವುದರಲ್ಲಿ ತುಂಬಾ ಮುಖ್ಯವಾದದ್ದು ಇದು, ಆದರೆ ಜನ ಬಿಟ್ಟುಬಿಡುವುದೂ ಇದನ್ನೇ. ಮೈಸೂರಲ್ಲಿ ಮೆಟ್ರೋ ಇಲ್ಲ. ನೆಲದಡಿಯ ರೈಲು, ತನ್ನಷ್ಟಕ್ಕೆ ತೆರೆದು ಮುಚ್ಚುವ ಗೇಟು, ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಾಯಿಸುವುದು, ಇದೆಲ್ಲ ನಮ್ಮಲ್ಲಿ ಎಷ್ಟೋ ಜನಕ್ಕೆ ಮೊದಲ ಸಲ ಎದುರಾಗುವುದೇ ಲಂಡನ್ನಿನಲ್ಲಿ. ಗಾಬರಿ ಆಗದೆ ಇನ್ನೇನಾಗುತ್ತದೆ?

ಬೆಳಿಗ್ಗೆ ಮೈಸೂರಿನಿಂದ ರೈಲು ಹತ್ತಿ ಬೆಂಗಳೂರಿನ ಮುಖ್ಯ ನಿಲ್ದಾಣದಲ್ಲಿ ಇಳಿಯಿರಿ. ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೋ ಸ್ಟೇಷನ್ ಇದೆ. ಟೋಕನ್ ಬೇಡ, ಸ್ಮಾರ್ಟ್ ಕಾರ್ಡು ತಗೊಳ್ಳಿ. ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ಹತ್ತಿದರೆ ಮುಂದಿನ ಸ್ಟೇಷನ್ನೇ ಮೆಜೆಸ್ಟಿಕ್. ಅಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ, ಲಾಲ್‌ಬಾಗ್‌ಗೆ ಹೋಗಿ. ಹೂವು ಗಿಡ ನೋಡಿಕೊಂಡು ಅದೇ ದಾರಿಯಲ್ಲಿ ವಾಪಸ್ ಬನ್ನಿ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಪ್ಲಾಟ್‌ಫಾರ್ಮಿಗೆ ಬಂದಾಗ ಒಂದು ಪ್ರಶ್ನೆ ಎದುರಾಗುತ್ತದೆ. ಎರಡು ಕಡೆಯೂ ರೈಲು ಬರುತ್ತದೆ, ಯಾವುದಕ್ಕೆ ಹತ್ತುವುದು? ಬೋರ್ಡಿನ ಮೇಲೆ ಲಾಲ್‌ಬಾಗ್ ಅಂತ ಬರೆದಿರುವುದಿಲ್ಲ, ಕೊನೆಯ ಸ್ಟೇಷನ್ನಿನ ಹೆಸರು ಬರೆದಿರುತ್ತದೆ. ಒಂದು ಕಡೆ ಮಾದಾವರ, ಇನ್ನೊಂದು ಕಡೆ ರೇಷ್ಮೆ ಸಂಸ್ಥೆ. ಲಾಲ್‌ಬಾಗ್ ಸಿಗುವುದು ರೇಷ್ಮೆ ಸಂಸ್ಥೆಯ ದಾರಿಯಲ್ಲಿ. ನಾವು ಹೋಗುವ ಊರಲ್ಲ, ರೈಲು ಕೊನೆಗೆ ಮುಟ್ಟುವ ಊರನ್ನು ಓದಿ ಹತ್ತಬೇಕು. ಲಂಡನ್ನಿನಲ್ಲೂ ಇದೇ ನಿಯಮ. ಇಷ್ಟು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿಯಿತು.

ಮಕ್ಕಳನ್ನೋ ಮೊಮ್ಮಕ್ಕಳನ್ನೋ ಜೊತೆಗೆ ಕರೆದುಕೊಂಡು ಹೋಗುವುದಾದರೆ ಅವರನ್ನು ಹಿಂದೆ ನಿಲ್ಲಿಸಿ. ನೀವೇ ಮುಂದೆ ಹೋಗಿ ಬೋರ್ಡು ಓದಬೇಕು.

## ಹಂತ 3: ಬಂದಿಳಿದ ದಿನ

ಹೀಥ್ರೂ ವಿಮಾನ ನಿಲ್ದಾಣಕ್ಕೆ ಮಕ್ಕಳು ಬಂದೇ ಬರುತ್ತಾರೆ. ಬರಲು ಆಗದಿದ್ದರೆ ಮಾತ್ರ ಇದು ಬೇಕು.

ಊರೊಳಗೆ ಮೂರು ರೈಲು ಹೋಗುತ್ತವೆ. ಕಡು ನೀಲಿ ಬಣ್ಣದ ಪಿಕಡಿಲಿ ಲೈನ್ ಅಗ್ಗ, ಆದರೆ ನಿಧಾನ. ನಡು ಲಂಡನ್ನಿಗೆ ಹತ್ತಿರ ಹತ್ತಿರ ಒಂದು ಗಂಟೆ. 2022ರಲ್ಲಿ ಶುರುವಾದ ನೇರಳೆ ಬಣ್ಣದ ಎಲಿಜಬೆತ್ ಲೈನ್ ಸ್ವಲ್ಪ ಜಾಸ್ತಿ ದರ, ಆದರೆ ಬೇಗ, ಒಳಗೆ ಜಾಗವೂ ಧಾರಾಳ. ಹೀಥ್ರೂ ಎಕ್ಸ್‌ಪ್ರೆಸ್ ಹದಿನೈದು ನಿಮಿಷಕ್ಕೆ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ, ದರ ಮಾತ್ರ ಬಲು ದುಬಾರಿ. ದೊಡ್ಡ ಸೂಟ್‌ಕೇಸ್ ಇರುವವರಿಗೆ ನನ್ನ ಸಲಹೆ ಎಲಿಜಬೆತ್ ಲೈನ್.

ಟರ್ಮಿನಲ್ ಒಳಗೆ ಯಾರಾದರೂ ಹತ್ತಿರ ಬಂದು "ಟ್ಯಾಕ್ಸಿ ಬೇಕಾ" ಅಂದರೆ ಬೇಡ ಅನ್ನಿ. ಹಾಗೆ ಕರೆಯುವುದೇ ಅಲ್ಲಿ ಕಾನೂನಿಗೆ ವಿರುದ್ಧ. ಕಪ್ಪು ಟ್ಯಾಕ್ಸಿಗಳ ಸಾಲು ಹೊರಗಿರುತ್ತದೆ. ಉಳಿದ ಬಾಡಿಗೆ ಕಾರುಗಳನ್ನು ಮೊದಲೇ ಬುಕ್ ಮಾಡಿರಬೇಕು.

## ಹಂತ 4: ಮೊದಲ ವಾರ, ಮನೆಯಿಂದ ಸ್ಟೇಷನ್ ತನಕ ಮಾತ್ರ

ಮೊದಲ ವಾರ ರೈಲು ಹತ್ತಬೇಡಿ. ಮನೆಯಿಂದ ಹತ್ತಿರದ ಸ್ಟೇಷನ್ನಿಗೆ ನಡೆದು ಹೋಗಿ ವಾಪಸ್ ಬನ್ನಿ. ನಾಲ್ಕೈದು ಸಲ. ಸಂಜೆ ಕತ್ತಲಲ್ಲಿ ಒಂದು ಸಲ ಹೋಗಿ, ಯಾಕೆಂದರೆ ಆ ಬೀದಿಗಳಲ್ಲಿ ಮನೆಗಳೆಲ್ಲ ಒಂದೇ ಥರ ಇರುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಮ್ಮ ಲೆಕ್ಕದಲ್ಲಿ ಕಾಫಿ ಹೊತ್ತು, ಅಲ್ಲಿ ಆಗಲೇ ರಾತ್ರಿ.

ಮನೆಯ ಪೋಸ್ಟ್‌ಕೋಡ್ ಬಾಯಿಪಾಠ ಮಾಡಿ. ನಮ್ಮ ಪಿನ್‌ಕೋಡ್ ಒಂದು ಬಡಾವಣೆಗೆಲ್ಲ ಒಂದೇ. ಅಲ್ಲಿನ ಪೋಸ್ಟ್‌ಕೋಡ್ ಒಂದು ಬೀದಿಗೆ, ಎಷ್ಟೋ ಸಲ ಬೀದಿಯ ಒಂದು ತುಂಡಿಗೆ ಮಾತ್ರ. ಅದನ್ನು ಮ್ಯಾಪಿಗೆ ಹಾಕಿದರೆ ಮನೆ ಬಾಗಿಲ ಹತ್ತಿರಕ್ಕೇ ತಂದು ಬಿಡುತ್ತದೆ. ಈಸ್ಟ್ ಹ್ಯಾಮ್ ಬಡಾವಣೆ ಆದರೆ ಇ6 ಅಂತ ಶುರುವಾಗುತ್ತದೆ. ಆ ಮೊದಲ ತುಂಡಷ್ಟೇ ಸಾಲದು, ಪೂರ್ತಿ ಬೇಕು. ಒಂದು ಚೀಟಿಯಲ್ಲಿ ಪೋಸ್ಟ್‌ಕೋಡ್, ಮನೆ ನಂಬರು, ಮಗನ ಅಥವಾ ಮಗಳ ಫೋನ್ ನಂಬರು ಬರೆದು ಕೋಟಿನ ಒಳಜೇಬಿನಲ್ಲಿ ಇಡಿ. ಫೋನ್ ಚಾರ್ಜು ಮುಗಿಯುವುದು ಯಾವಾಗ ಅಂತ ಹೇಳಲಾಗುವುದಿಲ್ಲ.

ರಸ್ತೆ ದಾಟುವಾಗ ಗಾಡಿಗಳು ನಮ್ಮ ಹಾಗೇ ಎಡಗಡೆ ಓಡುತ್ತವೆ, ಅದೊಂದು ಅನುಕೂಲ. ಜೀಬ್ರಾ ಕ್ರಾಸಿಂಗಿನ ಎರಡೂ ಬದಿ ಹಳದಿ ಗೋಲದ ದೀಪದ ಕಂಬ ಇದ್ದರೆ ಗಾಡಿಗಳು ನಿಮಗಾಗಿ ನಿಲ್ಲುತ್ತವೆ. ನಮ್ಮವರು ಗಾಡಿ ಹೋಗಲಿ ಅಂತ ಕಾಯುತ್ತಾರೆ, ಡ್ರೈವರು ಇವರು ದಾಟಲಿ ಅಂತ ಕಾಯುತ್ತಾನೆ. ಗಾಡಿ ನಿಂತದ್ದನ್ನು ನೋಡಿಕೊಂಡು ದಾಟಿಬಿಡಿ.

ಇದೇ ವಾರ ಫೋನ್ ಹಿಡಿಯುವುದನ್ನೂ ಕಲಿಯಿರಿ. ಸೈಕಲ್ಲಿನಲ್ಲಿ ಬಂದು ಕೈಯಿಂದ ಫೋನ್ ಕಿತ್ತುಕೊಂಡು ಹೋಗುವುದು ಲಂಡನ್ನಿನಲ್ಲಿ ದೊಡ್ಡ ಕಾಟ. ಮ್ಯಾಪು ನೋಡಬೇಕಾದರೆ ರಸ್ತೆ ಅಂಚಿನಲ್ಲಿ ನಿಲ್ಲಬೇಡಿ. ಒಂದು ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ, ಜೇಬಿಗೆ ಹಾಕಿ, ಆಮೇಲೆ ನಡೆಯಿರಿ.

## ಹಂತ 5: ರೈಲು

ಹೊರಡುವ ಹೊತ್ತು ಮೊದಲು. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ದುಬಾರಿ ಹೊತ್ತು. ದರ ಜಾಸ್ತಿ, ಜನವೂ ಜಾಸ್ತಿ. ಜಂಬೂ ಸವಾರಿ ದಿನದ ಸಯ್ಯಾಜಿರಾವ್ ರಸ್ತೆ ನೆನಪು ಮಾಡಿಕೊಳ್ಳಿ. 9:30 ದಾಟಿದ ಮೇಲೆ ಹೊರಟು ನಾಲ್ಕರೊಳಗೆ ವಾಪಸ್ ರೈಲು ಹತ್ತಿ.

ಒಳಗೆ ಹೋಗುವಾಗ ಮುಟ್ಟಿಸಿ, ಹೊರಗೆ ಬರುವಾಗಲೂ ಮುಟ್ಟಿಸಿ. ಎಷ್ಟು ದೂರ ಹೋದಿರಿ ಅನ್ನುವುದರ ಮೇಲೆ ದರ. ಹೊರಗೆ ಮುಟ್ಟಿಸದಿದ್ದರೆ ಗರಿಷ್ಠ ದರ ಹಿಡಿಯುತ್ತಾರೆ. ಗೇಟು ಇರುವ ಕಡೆ ಮರೆಯುವ ಪ್ರಶ್ನೆಯೇ ಇಲ್ಲ, ಮುಟ್ಟಿಸದೆ ಅದು ತೆರೆಯುವುದಿಲ್ಲ. ಮೋಸ ಹೋಗುವುದು ಗೇಟೇ ಇಲ್ಲದ ಸ್ಟೇಷನ್ನಿನಲ್ಲಿ. ಡಿಎಲ್‌ಆರ್ ಅನ್ನುವ ಪುಟ್ಟ ರೈಲಿನ ಹಲವು ಸ್ಟೇಷನ್‌ಗಳಲ್ಲಿ ಬರೀ ಒಂದು ಕಂಬ, ಅದರ ಮೇಲೆ ಹಳದಿ ಯಂತ್ರ. ಸುಮ್ನೆ ನಡೆದು ಹೊರಗೆ ಬಂದುಬಿಡಬಹುದು. ಬಂದರೆ ದುಡ್ಡು ಹೋಯಿತು.

ಒಳಗೆ ಯಾವುದನ್ನು ಮುಟ್ಟಿಸಿದಿರೋ ಹೊರಗೂ ಅದನ್ನೇ. ನಮ್ಮ ಯಜಮಾನರು ಒಂದು ದಿನ ಒಳಗೆ ಹೋಗುವಾಗ ಕಾರ್ಡು ಮುಟ್ಟಿಸಿದರು. ಹೊರಗೆ ಬರುವಾಗ ಕಾರ್ಡು ಪರ್ಸಿನೊಳಗಿತ್ತು, ಅದೇ ಕಾರ್ಡು ಫೋನಿನಲ್ಲೂ ಇದೆಯಲ್ಲ ಅಂತ ಫೋನ್ ಮುಟ್ಟಿಸಿದರು. ಯಂತ್ರದ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಕಾರ್ಡು. ಒಬ್ಬ ಒಳಗೆ ಹೋಗಿ ಹೊರಗೇ ಬರಲಿಲ್ಲ, ಇನ್ನೊಬ್ಬ ಒಳಗೇ ಹೋಗದೆ ಹೊರಗೆ ಬಂದ ಅಂತ ಎರಡು ಗರಿಷ್ಠ ದರ ಹಿಡಿಯಿತು. ಒಂದು ದಿನಕ್ಕೆ ಇಷ್ಟೇ ಅನ್ನುವ ಮಿತಿ ಇದೆ, ಎಷ್ಟು ಓಡಾಡಿದರೂ ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಆ ಅನುಕೂಲವೂ ಸಿಗುವುದು ದಿನವೆಲ್ಲ ಒಂದೇ ಕಾರ್ಡು ಬಳಸಿದರೆ ಮಾತ್ರ. ಒಂದೇ ಪರ್ಸಿನಲ್ಲಿ ಎರಡು ಕಾರ್ಡು ಇಟ್ಟು ಇಡೀ ಪರ್ಸನ್ನೇ ಮುಟ್ಟಿಸುವುದೂ ಬೇಡ.

ಈಗ ಬೋರ್ಡು ಓದುವುದು. ಮೂರು ವಿಷಯ ನೋಡಿ: ಲೈನಿನ ಬಣ್ಣ, ದಿಕ್ಕು, ಕೊನೆಯ ಸ್ಟೇಷನ್. ಬಣ್ಣ ಮಾತ್ರ ನೋಡಿ ಹತ್ತುವವರೇ ದಾರಿ ತಪ್ಪುವುದು. ಯಾಕೆಂದರೆ ಒಂದೇ ಬಣ್ಣದ ಲೈನು ಮುಂದೆ ಕವಲೊಡೆಯುತ್ತದೆ. ಕಪ್ಪು ಬಣ್ಣದ ನಾರ್ದರ್ನ್ ಲೈನ್ ನಡು ಊರಲ್ಲೇ ಎರಡು ದಾರಿ ಹಿಡಿಯುತ್ತದೆ. ಒಂದು ಬ್ಯಾಂಕ್ ಅನ್ನುವ ಸ್ಟೇಷನ್ ಮೇಲೆ, ಇನ್ನೊಂದು ಚೇರಿಂಗ್ ಕ್ರಾಸ್ ಮೇಲೆ. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ರೈಲು ಒಂದೇ ಬಣ್ಣ, ಕೊನೆಯ ಊರೂ ಒಂದೇ, ನಡುವಿನ ದಾರಿ ಬೇರೆ. ಆ ಲೈನಿನಲ್ಲಿ "ಯಾವುದರ ಮೇಲೆ" ಅನ್ನುವುದನ್ನೂ ಓದಬೇಕು.

ಬೇರೆ ಬೇರೆ ಬಣ್ಣದ ರೈಲುಗಳು ಒಂದೇ ಪ್ಲಾಟ್‌ಫಾರ್ಮಿಗೆ ಬರುವುದೂ ಉಂಟು. ಅದರ ಉದಾಹರಣೆ ಕೊನೆಯ ಹಂತದಲ್ಲಿ ಕೊಡುತ್ತೇನೆ.

ಎಸ್ಕಲೇಟರಿನಲ್ಲಿ ಬಲಗಡೆ ನಿಂತುಕೊಳ್ಳಿ. ಎಡಗಡೆ ನಡೆದು ಹೋಗುವವರಿಗೆ. ಗಂಡ ಹೆಂಡತಿ ಅಕ್ಕಪಕ್ಕ ನಿಲ್ಲಬೇಡಿ, ಹಿಂದೆ ಮುಂದೆ ನಿಲ್ಲಿ. ಮಂಡಿ ನೋವು ಇರುವವರು ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ಇರುವ ಸ್ಟೇಷನ್‌ಗಳನ್ನೇ ಆರಿಸಿ, ಅಲ್ಲಿ ಲಿಫ್ಟು ಇರುತ್ತದೆ. ಹಳೆಯ ಸ್ಟೇಷನ್‌ಗಳಲ್ಲಿ ಮೆಟ್ಟಿಲು ವಿಪರೀತ. ಕೋವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಸುತ್ತು ಮೆಟ್ಟಿಲೇ 193. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೂ ಅದು ಬೇಡ, ಕಿಟಕಿ ಇಲ್ಲದ ಬಾವಿಯಂಥ ಜಾಗ. ಲಿಫ್ಟಿಗೆ ಕಾಯಿರಿ. ಅಥವಾ ಪಕ್ಕದ ಲೆಸ್ಟರ್ ಸ್ಕ್ವೇರ್‌ನಲ್ಲಿ ಇಳಿದು ನಡೆಯಿರಿ, ಐದು ನಿಮಿಷದ ದಾರಿ.

ಶೌಚಾಲಯದ ವಿಷಯ ಯಾರೂ ಹೇಳುವುದಿಲ್ಲ, ಆದರೆ ನಮ್ಮ ವಯಸ್ಸಿಗೆ ಅದೇ ಮುಖ್ಯ. ನೆಲದಡಿಯ ಸ್ಟೇಷನ್‌ಗಳಲ್ಲಿ ಹೆಚ್ಚಿನ ಕಡೆ ಇರುವುದಿಲ್ಲ. ಪ್ಯಾಡಿಂಗ್ಟನ್, ಕಿಂಗ್ಸ್ ಕ್ರಾಸ್, ವಿಕ್ಟೋರಿಯಾದಂಥ ದೊಡ್ಡ ರೈಲು ನಿಲ್ದಾಣಗಳಲ್ಲಿ ಇದೆ, ದುಡ್ಡಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗೆ ಪ್ರವೇಶ ಉಚಿತ, ಒಳಗೆ ಶೌಚಾಲಯವೂ ಇದೆ. ದಾರಿ ಗೊತ್ತು ಮಾಡುವಾಗಲೇ ಇವನ್ನು ಗುರುತು ಹಾಕಿಕೊಳ್ಳಿ.

## ಹಂತ 6: ಬಸ್ಸು

ರೈಲಿಗಿಂತ ಬಸ್ಸು ನನಗೆ ಇಷ್ಟ. ಅಗ್ಗ, ಊರೂ ಕಾಣುತ್ತದೆ. ನಾನು ಇದನ್ನು ಬರೆಯುವ ಹೊತ್ತಿಗೆ ಒಂದು ಪ್ರಯಾಣಕ್ಕೆ 1.75 ಪೌಂಡ್. ಮೊದಲ ಸಲ ಮುಟ್ಟಿಸಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಅದಕ್ಕೆ ಮತ್ತೆ ದುಡ್ಡಿಲ್ಲ.

ಮುಂದಿನ ಬಾಗಿಲಲ್ಲಿ ಹತ್ತಿ, ಒಂದೇ ಸಲ ಮುಟ್ಟಿಸಿ. ಇಳಿಯುವಾಗ ಮುಟ್ಟಿಸಬಾರದು. ರೈಲಿಗೂ ಬಸ್ಸಿಗೂ ಇದೇ ವ್ಯತ್ಯಾಸ. ಬಸ್ಸು ಬರುವಾಗ ಕೈ ಚಾಚಿ. ಇಳಿಯುವ ಸ್ಟಾಪಿಗೆ ಮೊದಲು ಕಂಬದ ಮೇಲಿನ ಕೆಂಪು ಬಟನ್ ಒತ್ತಿ. "ರಾಮಸ್ವಾಮಿ ಸರ್ಕಲ್ ಇಳ್ಕೊಳ್ರಿ" ಅಂತ ಕೂಗುವವರು ಯಾರೂ ಇಲ್ಲ, ಆದರೆ ಪ್ರತಿ ಸ್ಟಾಪಿನ ಹೆಸರನ್ನೂ ಧ್ವನಿಯಲ್ಲಿ ಹೇಳುತ್ತದೆ, ಪರದೆಯ ಮೇಲೂ ಬರುತ್ತದೆ.

ನಮ್ಮವರು ತಪ್ಪುವುದು ಸ್ಟಾಪಿನ ವಿಷಯದಲ್ಲಿ. ಒಂದು ಸರ್ಕಲ್ಲಿನ ಸುತ್ತ ಐದಾರು ಸ್ಟಾಪು ಇರಬಹುದು. ಕಂಬದ ತುದಿಯಲ್ಲಿ ಎ, ಬಿ, ಸಿ ಅಂತ ಅಕ್ಷರ ಬರೆದಿರುತ್ತದೆ. ಫೋನಿನಲ್ಲಿ ದಾರಿ ತೋರಿಸುವ ಆ್ಯಪು ಬಸ್ ನಂಬರಿನ ಜೊತೆ ಆ ಅಕ್ಷರವನ್ನೂ ಹೇಳುತ್ತದೆ. ನಂಬರು ಸರಿ ಇದ್ದು ಅಕ್ಷರ ಬೇರೆ ಆದರೆ ನೀವು ಉಲ್ಟಾ ದಿಕ್ಕಿಗೆ ಹೋಗುತ್ತೀರಿ.

ಡಬಲ್ ಡೆಕ್ಕರ್ ಮೇಲೆ ಕೂರುವ ಆಸೆ ಎಲ್ಲರಿಗೂ ಇರುತ್ತದೆ. ಬಸ್ಸು ಓಡುತ್ತಿರುವಾಗ ಮೆಟ್ಟಿಲು ಇಳಿಯುವುದು ಕಷ್ಟ, ಅದಕ್ಕೆ ಒಂದು ಸ್ಟಾಪು ಮೊದಲೇ ಬಸ್ಸು ನಿಂತಾಗ ಕೆಳಗೆ ಬಂದುಬಿಡಿ.

## ಹಂತ 7: ಏನೋ ತಪ್ಪಾಗಿದೆ ಅಂತ ತಿಳಿಯುವುದು ಹೇಗೆ

ರೈಲು ಹತ್ತಿದ ಮೇಲೆ ಬರುವ ಮೊದಲ ಎರಡು ಸ್ಟೇಷನ್ನಿನ ಹೆಸರು ಮೊದಲೇ ಬರೆದಿಟ್ಟುಕೊಂಡಿರಿ. ಬಂದ ಹೆಸರು ಚೀಟಿಯಲ್ಲಿ ಇಲ್ಲವಾ? ಕೂಡಲೇ ಇಳಿಯಿರಿ. "ಇನ್ನೊಂದು ಸ್ಟೇಷನ್ ನೋಡೋಣ" ಅಂತ ಕೂತರೆ ಸಣ್ಣ ತಪ್ಪು ದೊಡ್ಡದಾಗುತ್ತದೆ.

"ಆಲ್ ಚೇಂಜ್" ಅನ್ನುವ ಮಾತು ಕೇಳಿದರೆ ಎದ್ದುಬಿಡಿ. ಈ ರೈಲು ಮುಂದೆ ಹೋಗುವುದಿಲ್ಲ, ಎಲ್ಲರೂ ಇಳಿಯಬೇಕು ಅಂತ ಅರ್ಥ. ಶನಿವಾರ ಭಾನುವಾರ ದುರಸ್ತಿಗೆ ಅಂತ ಲೈನುಗಳ ತುಂಡುಗಳನ್ನು ಮುಚ್ಚುತ್ತಾರೆ, ಅದಕ್ಕೆ ಹೊರಡುವ ಮುಂಚೆ ಆ್ಯಪಿನಲ್ಲಿ ನಿಮ್ಮ ಲೈನು ಇದೆಯಾ ಅಂತ ನೋಡಿ.

ದಾರಿ ತಪ್ಪಿದರೆ ಗೇಟಿನ ಹೊರಗೆ ಹೋಗಬೇಡಿ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಉಸಿರು ತಗೊಳ್ಳಿ. ಸಹಾಯದ ಬಟನ್ ಇರುವ ಪೆಟ್ಟಿಗೆ ಪ್ಲಾಟ್‌ಫಾರ್ಮಿನಲ್ಲೇ ಇರುತ್ತದೆ, ಒತ್ತಿದರೆ ಸಿಬ್ಬಂದಿ ಮಾತಾಡುತ್ತಾರೆ. ಇಂಗ್ಲಿಷ್ ಅರೆಬರೆ ಬಂದರೂ ಪರವಾಗಿಲ್ಲ, ಹೋಗಬೇಕಾದ ಸ್ಟೇಷನ್ನಿನ ಹೆಸರು ಹೇಳಿದರೆ ಸಾಕು. ಇಬ್ಬರಲ್ಲಿ ಒಬ್ಬರು ರೈಲಿನೊಳಗೆ ಉಳಿದು ಬಾಗಿಲು ಮುಚ್ಚಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಮನೆಯಲ್ಲೇ ಮಾತಾಡಿಕೊಳ್ಳಿ. ನಮ್ಮ ಒಪ್ಪಂದ ಹೀಗಿತ್ತು: ಒಳಗಿರುವವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಹೊರಗಿರುವವರು ಮುಂದಿನ ರೈಲಿನಲ್ಲಿ ಬರಬೇಕು. ಒಂದು ಸಲ ನಿಜವಾಗಿಯೂ ಬಳಕೆಗೆ ಬಂತು. ತುರ್ತು ಇದ್ದರೆ 999.

## ಹಂತ 8: ಮೊದಲ ಪೂರ್ತಿ ಪ್ರಯಾಣ, ಬಸವಣ್ಣನವರ ಪ್ರತಿಮೆಗೆ

ಮೊದಲ ಪ್ರಯಾಣಕ್ಕೆ ರೈಲು ಬದಲಾಯಿಸುವ ಗೋಜು ಇಲ್ಲದ, ಮನಸ್ಸಿಗೆ ಹತ್ತಿರದ ಒಂದು ಜಾಗ ಆರಿಸಿ. ನನ್ನ ಆಯ್ಕೆ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣ ಆಯಿತು. ಇರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಕಡೆ. ನನ್ನ ಮಗಳ ಮನೆ ಈಸ್ಟ್ ಹ್ಯಾಮ್ ಹತ್ತಿರ, ಆದ್ದರಿಂದ ಅಲ್ಲಿಂದ ಹೇಳುತ್ತೇನೆ. ನೀವು ಬೇರೆ ಕಡೆಯಿಂದ ಹೊರಟರೂ ಚೀಟಿ ಬರೆಯುವ ಕ್ರಮ ಇದೇ.

ಈಸ್ಟ್ ಹ್ಯಾಮ್‌ನಲ್ಲಿ ಪಶ್ಚಿಮ ದಿಕ್ಕಿನ ಪ್ಲಾಟ್‌ಫಾರ್ಮಿಗೆ ಹೋಗಿ. ಇಲ್ಲಿಗೆ ಎರಡು ಲೈನಿನ ರೈಲು ಬರುತ್ತವೆ. ಹಸಿರು ಬಣ್ಣದ ಡಿಸ್ಟ್ರಿಕ್ಟ್ ಲೈನ್ ನಮಗೆ ಬೇಕಾದ್ದು. ಅದರ ಮುಂದೆ ರಿಚ್ಮಂಡ್, ಈಲಿಂಗ್ ಬ್ರಾಡ್‌ವೇ ಅಥವಾ ವಿಂಬಲ್ಡನ್ ಅಂತ ಇದ್ದರೆ ಮೂರೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುತ್ತವೆ. ಹ್ಯಾಮರ್‌ಸ್ಮಿತ್ ಅಂತ ಬರೆದ ಗುಲಾಬಿ ಲೈನಿನ ರೈಲು ಹೋಗುವುದಿಲ್ಲ. ತಪ್ಪಿ ಅದಕ್ಕೇ ಹತ್ತಿದ್ದರೆ ಆಲ್ಡ್‌ಗೇಟ್ ಈಸ್ಟ್‌ನೊಳಗೆ ಇಳಿದುಬಿಡಿ, ಅಲ್ಲಿಯ ತನಕ ಎರಡೂ ಒಂದೇ ಹಳಿಯಲ್ಲಿ ಓಡುತ್ತವೆ. ಅದೇ ಪ್ಲಾಟ್‌ಫಾರ್ಮಿಗೆ ಹಸಿರು ರೈಲು ಬರುತ್ತದೆ.

ಚೀಟಿಯಲ್ಲಿ ಮೊದಲ ಎರಡು ಹೆಸರು: ಅಪ್ಟನ್ ಪಾರ್ಕ್, ಪ್ಲೇಸ್ಟೋ. ಕೊನೆಯ ಎರಡು: ಎಂಬ್ಯಾಂಕ್‌ಮೆಂಟ್, ವೆಸ್ಟ್‌ಮಿನ್‌ಸ್ಟರ್. ಈಸ್ಟ್ ಹ್ಯಾಮ್ ಬಿಟ್ಟ ಮೇಲೆ ವೆಸ್ಟ್‌ಮಿನ್‌ಸ್ಟರ್ 17ನೆಯದು. ಪ್ರತಿಮೆ ಇರುವ ಜಾಗದ ಹೆಸರು ನೋಡಿ ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ ಇಳಿದುಬಿಡಬೇಡಿ. ಅದು ನದಿಯ ಆಚೆ ದಡದ, ಬೇರೆಯೇ ಎಂಬ್ಯಾಂಕ್‌ಮೆಂಟ್. ನಮ್ಮಕ್ಕ ಇಳಿದಿದ್ದಳು.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಲಿಫ್ಟು ಇದೆ. ಕಾರ್ಡು ಮುಟ್ಟಿಸಿ ಹೊರಗೆ ಬಂದರೆ ಎದುರಿಗೇ ಬಿಗ್ ಬೆನ್. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಆಚೆ ದಡದಲ್ಲಿ ಬಲಕ್ಕೆ ತಿರುಗಿ ನದಿಯ ಪಕ್ಕದ ಕಾಲುದಾರಿ ಹಿಡಿಯಿರಿ. ಎಡಗಡೆಯ ಉದ್ದ ಗೋಡೆಯ ತುಂಬ ಕೆಂಪು ಹೃದಯದ ಚಿತ್ರಗಳು ಕಾಣುತ್ತವೆ. ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿನ ಗೋಡೆ ಅದು. ಅದು ಕಂಡರೆ ದಾರಿ ಸರಿ ಇದೆ. ಹೊಳೆ ಬಲಗಡೆಗೇ ಇರಲಿ, ನಿಧಾನವಾಗಿ ನಡೆದರೆ ಸುಮಾರು ಅರ್ಧ ಗಂಟೆ. ಕೂರಲು ಬೆಂಚುಗಳಿವೆ.

ವಾಪಸ್ ಬರುವಾಗ ಪೂರ್ವ ದಿಕ್ಕಿನ ಪ್ಲಾಟ್‌ಫಾರ್ಮು. ಅಪ್‌ಮಿನ್‌ಸ್ಟರ್ ಅಥವಾ ಬಾರ್ಕಿಂಗ್ ಅಂತ ಬರೆದ ಹಸಿರು ರೈಲಿಗೆ ಮಾತ್ರ ಹತ್ತಿ. ಟವರ್ ಹಿಲ್ ಅಂತ ಬರೆದದ್ದು ಅಲ್ಲೇ ನಿಲ್ಲುತ್ತದೆ. ಹಳದಿ ಬಣ್ಣದ ಸರ್ಕಲ್ ಲೈನ್ ಕೂಡ ಇದೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಅದು ಬೇರೆ ಕಡೆ ತಿರುಗಿಬಿಡುತ್ತದೆ. ಕೊನೆಯಲ್ಲಿ ಇನ್ನೊಂದು ಮೋಸ ಕಾದಿದೆ: ಮೊದಲು ವೆಸ್ಟ್ ಹ್ಯಾಮ್ ಬರುತ್ತದೆ. "ಹ್ಯಾಮ್" ಅನ್ನುವುದು ಕಿವಿಗೆ ಬಿದ್ದ ಕೂಡಲೇ ಚೀಲ ಎತ್ತಿಕೊಂಡು ಏಳಬೇಡಿ. ಅದಾದ ಮೇಲೆ ಪ್ಲೇಸ್ಟೋ, ಅಪ್ಟನ್ ಪಾರ್ಕ್, ಆಮೇಲೆ ಈಸ್ಟ್ ಹ್ಯಾಮ್. ಗೇಟಿನಲ್ಲಿ ಬೆಳಿಗ್ಗೆ ಮುಟ್ಟಿಸಿದ ಕಾರ್ಡನ್ನೇ ಮುಟ್ಟಿಸಿ ಹೊರಗೆ ಬನ್ನಿ. ಮಗಳಿಗೋ ಮಗನಿಗೋ ಒಂದು ಮೆಸೇಜು ಹಾಕಿ, ಅವರು ಆಫೀಸಿನಲ್ಲಿ ಬೆಳಿಗ್ಗೆಯಿಂದ ಫೋನ್ ನೋಡುತ್ತಾ ಕೂತಿರುತ್ತಾರೆ.